ಕಾಫಿಪುಡಿ ಶುರುಮಾಡಲು ಹೊರಟ ಗೆಳತಿಗೊಂದು ಪತ್ರ

ಚಿಕ್ಕಮಗಳೂರು

ಪ್ರೀತಿಯ ಗೆಳತಿ,

ನಿನ್ನ ಮೆಸೇಜ್ ಓದಿದೆ. ಹದಿನಾರು ವರ್ಷ ಬೆಂಗಳೂರಲ್ಲಿ ಬೇರೆಯವರ ಕಂಪನಿಯ ಲೆಕ್ಕ ಬರೆದವಳು ಊರಿಗೆ ವಾಪಸ್ ಬಂದು ನಿನ್ನದೇ ಹೆಸರಿನ ಕಾಫಿಪುಡಿ ಮಾಡ್ತೀನಿ ಅಂದಿದ್ದೀಯ. ತುಂಬಾ ಖುಷಿಯಾಯಿತು ಕಣೇ. ಆದರೆ ಕೊನೇ ಸಾಲಲ್ಲಿ ಐದು ಕೆಜಿ ರೋಸ್ಟರಿಗೆ (ಬೀಜ ಹುರಿಯುವ ಮೆಷಿನ್‌ಗೆ) ಅಡ್ವಾನ್ಸ್ ಕೊಡ್ತಿದ್ದೀನಿ ಅಂತ ಇದೆಯಲ್ಲ, ಅದನ್ನು ನಿಲ್ಲಿಸು ಅಂತ ಹೇಳೋಕೇ ಈ ಪತ್ರ. ಇದೇ ದಾರಿಯಲ್ಲಿರುವ ಇನ್ನೂ ನಾಲ್ಕು ಹೆಣ್ಣುಮಕ್ಕಳಿಗೆ ಉಪಯೋಗವಾಗಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ಮೆಷಿನ್ ಆಮೇಲೆ. ನಮ್ಮೂರಲ್ಲಿ, ಹಾಸನದಲ್ಲಿ ಕೂಲಿಗೆ ಹುರಿದು ಬೀಸಿಕೊಡುವವರಿದ್ದಾರೆ. ಮೊದಲ ಆರು ತಿಂಗಳು ಅವರ ಹತ್ತಿರವೇ ಮಾಡಿಸು. ದುಡ್ಡನ್ನು ಬೀಜಕ್ಕೂ ಪ್ಯಾಕಿಂಗಿಗೂ ಹಾಕು. ನಿನ್ನ ಪುಡಿಯ ಅಳತೆ ಏನು ಅಂತ ಗಿರಾಕಿಗಳ ಬಾಯಿಂದ ಗೊತ್ತಾಗುವ ಮೊದಲೇ ಮೆಷಿನ್ ಕೊಂಡರೆ, ಕಂತು ಕಟ್ಟುವುದಕ್ಕೋಸ್ಕರ ಸಿಕ್ಕಿದ್ದನ್ನೆಲ್ಲ ಹುರಿಯುವ ಹಾಗಾಗುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗುವ ವಿಷಯವೂ ಇದೆ. ಬೀಜ ಕಾದಿರುವಾಗ ಡ್ರಮ್ ತಿರುಗುವುದು ನಿಂತರೆ ತಳದ ಬೀಜ ಎರಡೇ ನಿಮಿಷದಲ್ಲಿ ಕರಕಲು. ಕೈಯಲ್ಲಿ ತಿರುಗಿಸುವ ಹಿಡಿ ಇಲ್ಲದ, ಜನರೇಟರ್ ಇಲ್ಲದ ಕಡೆ ರೋಸ್ಟರ್ ಇಡಲೇಬಾರದು. ಹೊಗೆ, ಹಾರುವ ಹೊಟ್ಟು ಅಕ್ಕಪಕ್ಕದ ಮನೆಯವರಿಗೆ ಕಾಟ ಬೇರೆ.

ಬೀಜ ಕೊಳ್ಳುವಾಗ ತೋಟದಿಂದ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿಹಣ್ಣಿನ ಮೂಟೆ ತರುವ ಆಸೆ ಬೇಡ. ಒಣ ಚೆರಿಯಲ್ಲಿ ಹೆಚ್ಚುಕಡಿಮೆ ಅರ್ಧ ತೂಕ ಸಿಪ್ಪೆಯೇ. ಔಟ್‌ಟರ್ನ್ (ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜ) ಎಷ್ಟು ಬರುತ್ತದೆ ಅಂತ ಅಂದಾಜು ಮಾಡುವುದು ವ್ಯಾಪಾರಿಗಳ ಪಳಗಿದ ಕೈ, ಹೊಸಬರು ಅಲ್ಲೇ ಸೋಲುವುದು. ಕ್ಯೂರಿಂಗ್ ವರ್ಕ್ಸ್‌ನಿಂದ (ಸಿಪ್ಪೆ ತೆಗೆದು ವಿಂಗಡಿಸುವ ಕಾರ್ಖಾನೆ) ಗ್ರೇಡ್ ಆದ ಕ್ಲೀನ್ ಬೀಜವನ್ನೇ ತಗೋ. ಪುಡಿಗೆ ದುಬಾರಿ ಪ್ಲಾಂಟೇಶನ್ ಎ ಗ್ರೇಡಿನ ದಪ್ಪ ಬೀಜ ಬೇಕಿಲ್ಲ. ಗ್ರೇಡ್ ಅನ್ನುವುದು ಬಹುಮಟ್ಟಿಗೆ ಗಾತ್ರದ ಲೆಕ್ಕ. ಬಿ ಗ್ರೇಡ್ ಅಥವಾ ಪೀಬರಿ (ಹಣ್ಣಿನಲ್ಲಿ ಒಂದೇ ಇರುವ ದುಂಡು ಬೀಜ) ಸಾಕು. ಆದರೆ ಸಣ್ಣದು ದೊಡ್ಡದು ಬೆರೆತ ಮೂಟೆ ಬೇಡ. ಒಂದೇ ಡ್ರಮ್ಮಿನಲ್ಲಿ ದೊಡ್ಡದು ಬೇಯುವ ಹೊತ್ತಿಗೆ ಸಣ್ಣದು ಸುಟ್ಟಿರುತ್ತದೆ. ತೇವಾಂಶ ಹತ್ತರಿಂದ ಹನ್ನೆರಡು ಪರ್ಸೆಂಟ್ ಒಳಗಿರಲಿ. ಮನೆಗೆ ತಂದ ಮೂಟೆಯನ್ನು ಗೋಡೆಗೆ ತಾಗಿಸದೆ ಹಲಗೆ ಮೇಲಿಡು. ಮೆಣಸು, ಏಲಕ್ಕಿ ಇರುವ ಕೋಣೆ ಬೇಡವೇ ಬೇಡ, ಕಾಫಿಬೀಜ ಪಕ್ಕದ್ದರ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ.

ಇನ್ನು ನೀನು ಬಲ್ಲ ವಿಷಯಕ್ಕೆ ಬರ್ತೀನಿ, ಲೆಕ್ಕಕ್ಕೆ. ಪೆನ್ನು ತಗೊಂಡು ಓದು. ಹಸಿಬೀಜ ಹುರಿದಾಗ ನೀರು, ಹೊಟ್ಟು, ಅನಿಲ ಎಲ್ಲ ಹೋಗಿ ತೂಕ ಇಳಿಯುತ್ತದೆ. ಫಿಲ್ಟರ್ ಕಾಫಿಗೆ ಬೇಕಾದ ಹದಕ್ಕೆ ಹುರಿದರೆ 15ರಿಂದ 20 ಪರ್ಸೆಂಟ್. 18 ಅಂತ ಹಿಡಿ. ಹಸಿಬೀಜ ಕೆಜಿಗೆ 500 ರೂಪಾಯಿ ಅಂತ ಲೆಕ್ಕಕ್ಕೆ ಇಟ್ಟುಕೋ, ಮಾರುಕಟ್ಟೆ ದರ ದಿನಾ ಬದಲಾಗುತ್ತದೆ. ಬಹಳಷ್ಟು ಜನ 500ಕ್ಕೆ 18 ಪರ್ಸೆಂಟ್ ಸೇರಿಸಿ 590 ಅಂತ ಬರೆದುಬಿಡುತ್ತಾರೆ. ತಪ್ಪು. ಒಂದು ಕೆಜಿ ಹಾಕಿದರೆ ನಿನ್ನ ಕೈಗೆ ಬರುವುದು 820 ಗ್ರಾಂ. ಹಾಗಾಗಿ 500ನ್ನು 0.82ರಿಂದ ಭಾಗಿಸಬೇಕು: 610. ಕೆಜಿಗೆ ಇಪ್ಪತ್ತು ರೂಪಾಯಿ ವ್ಯತ್ಯಾಸ. ತಿಂಗಳಿಗೆ ನೂರು ಕೆಜಿ ಹುರಿದ ಬೀಜಕ್ಕೆ ಎರಡು ಸಾವಿರ, ಯಾರೂ ಕದಿಯದೆ ಹೋಗುವ ದುಡ್ಡು.

ಮುಂದೆ ನೋಡು. 80:20 ಪುಡಿ, ಅಂದರೆ 80 ಪಾಲು ಕಾಫಿಗೆ 20 ಪಾಲು ಚಿಕೋರಿ. ಚಿಕೋರಿ ಕೆಜಿಗೆ 180 ಅಂತ ಇಟ್ಟುಕೊಂಡರೆ, ಕಾಫಿಯ ಪಾಲು 488, ಚಿಕೋರಿಯ ಪಾಲು 36, ಒಟ್ಟು 524. ಹುರಿಯುವ ಬೀಸುವ ಕೂಲಿ 30. ಕಾಲು ಕೆಜಿಯ ನಾಲ್ಕು ಪೌಚು, ಲೇಬಲ್ ಸೇರಿ 28. ಚೆಲ್ಲಿದ್ದು, ಗಿರಣಿಯಲ್ಲಿ ಉಳಿದದ್ದು ಅಂತ ಆರು ರೂಪಾಯಿ. 588 ಆಯಿತು. ಅಂಗಡಿಯವರು ಎಂಆರ್‌ಪಿ ಮೇಲೆ 15 ಪರ್ಸೆಂಟ್ ಕೇಳಿದರು ಅಂದುಕೋ. ಎಂಆರ್‌ಪಿ 800 ಇಟ್ಟರೆ ನಿನಗೆ 680 ಬರುತ್ತದೆ, ಉಳಿಯುವುದು 92. ಅದರಲ್ಲಿ ಸಾಗಣೆ, ವಾಪಸ್ ಬಂದ ಮಾಲು, ಜಿಎಸ್‌ಟಿ ಮಾಡಿಸಿದರೆ ಆ ತೆರಿಗೆ, ಮತ್ತೆ ನಿನ್ನ ಸಂಬಳ. ನಿನ್ನ ಸಂಬಳವನ್ನು ಬರೆಯದೆ ಬಿಡಬೇಡ. ಮನೆಯಿಂದ ಕೆಲಸ ಶುರುಮಾಡುವ ಹೆಂಗಸರು ಮೊದಲು ಮಾಡುವ ತಪ್ಪು ಅದೇ: ತಮ್ಮ ದಿನಗೂಲಿಯನ್ನು ಲಾಭ ಅಂತ ಬರೆದುಕೊಳ್ಳುವುದು.

ಹುರಿಸಲು ಹೋದಾಗ ಅಲ್ಲೇ ನಿಂತಿರು. ಬೀಜ ಹಳದಿಯಾಗುವಾಗ ಹುಲ್ಲಿನ ವಾಸನೆ, ಆಮೇಲೆ ಬ್ರೆಡ್ಡಿನ ವಾಸನೆ, ಆಮೇಲೆ ಜೋಳದ ಅರಳು ಸಿಡಿದ ಹಾಗೆ ಮೊದಲ ಸಿಡಿತ, ಸುಮಾರು 200 ಡಿಗ್ರಿ ಹತ್ತಿರ. ಹಾಲು ಹಾಕುವ ಫಿಲ್ಟರ್ ಕಾಫಿಗೆ ಇನ್ನೂ ಸ್ವಲ್ಪ ಮುಂದೆ ಹೋಗಬೇಕು. ಎರಡನೇ ಸಿಡಿತದ ಸಣ್ಣ ಚಿಟಚಿಟ ಕೇಳಿಸಿತು ಅನ್ನುವಾಗ ಇಳಿಸಬೇಕು. ಬೀಜದ ಮೇಲೆ ಎಣ್ಣೆ ಹೊಳೆದರೆ ದಾಟಿತು ಅಂತ ಅರ್ಥ. ಆ ಪುಡಿಗೆ ಸುಟ್ಟ ಕಹಿ, ಕಮಟೂ ಬೇಗ. ಇಳಿಸಿದ ಬೀಜ ನಾಲ್ಕೈದು ನಿಮಿಷದೊಳಗೆ ತಣ್ಣಗಾಗಬೇಕು. ರಾಶಿ ಹಾಕಿಬಿಟ್ಟರೆ ಒಳಗಿನ ಬಿಸಿಗೇ ಹುರಿಯುತ್ತಲೇ ಇರುತ್ತದೆ. ಅರೇಬಿಕಾ, ರೋಬಸ್ಟಾ ಎರಡು ಜಾತಿಯ ಬೀಜವನ್ನೂ ಬೇರೆಬೇರೆ ಹುರಿಸಿ ಆಮೇಲೆ ಬೆರೆಸು. 70:30ರಿಂದ ಶುರುಮಾಡು: ಅರೇಬಿಕಾ ಪರಿಮಳಕ್ಕೆ, ರೋಬಸ್ಟಾ ಗಟ್ಟಿತನಕ್ಕೆ. ಹಾಕುವಾಗ ತೂಗು, ಇಳಿಸಿದಾಗ ತೂಗು, ಎರಡನ್ನೂ ಚೀಟಿಯಲ್ಲಿ ಬರೆಸು. ಬೀಸುವ ಮೊದಲು ಗಿರಣಿಯಲ್ಲಿ ಹಿಂದಿನವರ ಪುಡಿ ಉಳಿದಿರುತ್ತದೆ. ಮೊದಲು ಬರುವ ಒಂದೆರಡು ಹಿಡಿಯನ್ನು ಬೇರೆ ತೆಗೆಸು, ಇಲ್ಲದಿದ್ದರೆ ನಿನ್ನ ಶುದ್ಧ ಕಾಫಿಯಲ್ಲಿ ಯಾರದೋ ಚಿಕೋರಿ ಇರುತ್ತದೆ.

ಬೀಸಿದ ಹದ ಸರಿಯಿದೆಯಾ ಅಂತ ನೋಡಲು ಹಿತ್ತಾಳೆ ಫಿಲ್ಟರೇ ಸಾಕು. ಮೇಲಿನ ಪಾತ್ರೆಗೆ 25 ಗ್ರಾಂ ಪುಡಿ, ಒತ್ತದೆ ಸಮ ಮಾಡಿ, ಕುದಿ ಇಳಿದ ನೀರು 150 ಎಂಎಲ್. ಹದಿನೈದು ಇಪ್ಪತ್ತು ನಿಮಿಷಕ್ಕೆ ಡಿಕಾಕ್ಷನ್ ಇಳಿದಿದ್ದರೆ ಸರಿ. ಐದೇ ನಿಮಿಷಕ್ಕೆ ಇಳಿದು ನೀರಾಗಿದ್ದರೆ ತರಿ ಜಾಸ್ತಿ. ಅರ್ಧ ಗಂಟೆಯಾದರೂ ನೀರು ಮೇಲೆ ನಿಂತಿದ್ದರೆ ಪುಡಿ ತೀರಾ ನುಣುಪು, ಇಲ್ಲವೇ ಚಿಕೋರಿ ಹೆಚ್ಚು. ಇಪ್ಪತ್ತು ಮನೆಗೆ ಎರಡು ಬಗೆಯ ಪುಡಿಯನ್ನು ಬರೀ ಒಂದು, ಎರಡು ಅಂತ ಬರೆದು ಕೊಡು. ರುಚಿ ಹೇಗಿದೆ ಅಂತ ಕೇಳಬೇಡ, ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಯಾವ ಪೊಟ್ಟಣ ಮೊದಲು ಖಾಲಿಯಾಯಿತು ಅಂತ ಕೇಳು.

ಚಿಕೋರಿ ನಮ್ಮ ಕಡೆ ಬೆಳೆಯುವುದಿಲ್ಲ. ಗುಜರಾತ್, ಉತ್ತರಪ್ರದೇಶದಿಂದ ಬರುವ ಗೆಡ್ಡೆ ಅದು. ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಪರ್ಸೆಂಟ್ ಇರಲೇಬೇಕು ಅನ್ನುತ್ತದೆ ಕಾನೂನು. ಎಷ್ಟು ಕಾಫಿ ಎಷ್ಟು ಚಿಕೋರಿ ಅಂತ ಪೊಟ್ಟಣದ ಮೇಲೆ ಕಾಣುವ ಹಾಗೆ ಬರೆಯಬೇಕು. ಚಿಕೋರಿ ಗಾಳಿಯ ತೇವ ಎಳೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ತೆರೆದಿಟ್ಟ ಪುಡಿ ಒಂದೇ ಮಧ್ಯಾಹ್ನದಲ್ಲಿ ಹೆಪ್ಪುಗಟ್ಟುತ್ತದೆ. ಆ ನಾಲ್ಕು ತಿಂಗಳು ವಾರಕ್ಕಾಗುವಷ್ಟೇ ಬೀಸಿಸು. ಹೊಸದಾಗಿ ಹುರಿದದ್ದು ಅನಿಲ ಬಿಡುವುದರಿಂದ ತಕ್ಷಣ ಸೀಲ್ ಮಾಡಿದರೆ ಪೌಚು ಉಬ್ಬುತ್ತದೆ. ಬೀಜವನ್ನು ಮುಚ್ಚಿದ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟು, ಮಾರನೇ ದಿನ ಬೀಸಿ ತುಂಬಿಸು. ಅನಿಲ ಹೊರಹೋಗಲು ವಾಲ್ವ್ ಇರುವ ಪೌಚಾದರೆ ಚಿಂತೆಯಿಲ್ಲ, ಬೆಲೆ ಜಾಸ್ತಿ ಅಷ್ಟೇ.

ಕಾಗದಪತ್ರದ್ದು ಬೇಗ ಹೇಳಿಬಿಡ್ತೀನಿ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ, ಸಣ್ಣ ಉದ್ಯಮಗಳಿಗಾಗಿ ಇರುವ ಉದ್ಯಮ್ ನೋಂದಣಿ, ನಗರಸಭೆ ಅಥವಾ ಪಂಚಾಯ್ತಿಯ ಟ್ರೇಡ್ ಲೈಸೆನ್ಸ್. ಉದ್ಯಮ್ ಪೂರ್ತಿ ಉಚಿತ. ಮಾಡಿಸಿಕೊಡ್ತೀವಿ ಅಂತ ದುಡ್ಡು ಕೇಳುವವರಿಗೆ ಕೊಡಬೇಡ. ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಬೇಕು, ಅಡುಗೆಮನೆ ತಕ್ಕಡಿ ನಡೆಯುವುದಿಲ್ಲ. ಹೆಸರಿನ ವಿಷಯದಲ್ಲಿ ಒಂದು ಎಚ್ಚರ: ಚಿಕ್ಕಮಗಳೂರು ಅರೇಬಿಕಾ ಮತ್ತು ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ 2019ರಲ್ಲಿ ಜಿಐ (ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು) ಸಿಕ್ಕಿದೆ. ಅಧಿಕೃತ ಬಳಕೆದಾರಳಾಗಿ ನೋಂದಾಯಿಸದೆ ಆ ಹೆಸರು, ಮುದ್ರೆ ಪೊಟ್ಟಣಕ್ಕೆ ಹಾಕಬೇಡ. ರೋಬಸ್ಟಾ, ಚಿಕೋರಿ ಬೆರೆಸಿದ ಪುಡಿಗಂತೂ ಅದು ಸಲ್ಲುವುದೇ ಇಲ್ಲ.

ಸಾಲದ ವಿಷಯ ಮಾತ್ರ ನಿಧಾನವಾಗಿ ಓದು. ಪಿಎಂಇಜಿಪಿ ಅಂದರೆ ಸಣ್ಣ ಉದ್ಯಮ ಶುರುಮಾಡುವವರಿಗೆ ಸಾಲದ ಜೊತೆ ಸಬ್ಸಿಡಿ ಕೊಡುವ ಕೇಂದ್ರ ಸರ್ಕಾರದ ಯೋಜನೆ. 2025-26ರವರೆಗಿನ ನಿಯಮದಲ್ಲಿ ಮಹಿಳೆಯರ ಸ್ವಂತ ಪಾಲು 5 ಪರ್ಸೆಂಟ್. ಸಬ್ಸಿಡಿ ಹಳ್ಳಿಯಲ್ಲಾದರೆ 35, ಪಟ್ಟಣದಲ್ಲಾದರೆ 25 ಪರ್ಸೆಂಟ್. ಆದರೆ ಆ ದರದ ಸಬ್ಸಿಡಿ ಹೊಸ ಘಟಕಕ್ಕೆ ಮಾತ್ರ. ಸಬ್ಸಿಡಿ ದುಡ್ಡು ನಿನ್ನ ಕೈಗೆ ಬರುವುದೂ ಇಲ್ಲ, ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಕೂತು ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಮುಂದೆ ಮೆಷಿನ್‌ಗೆ ಇದನ್ನೇ ನಂಬಿಕೊಂಡಿದ್ದರೆ, ನೋಂದಣಿಗಳನ್ನು ಮಾಡಿಸುವ ಮೊದಲೇ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗು. ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ, ಈಗಲೇ ಕೂಲಿಗೆ ಹುರಿಸಿ ಮಾರಿದರೆ ಆಮೇಲೆ ಹಳೇ ಘಟಕ ಅನ್ನುತ್ತಾರಾ, ಎರಡನ್ನೂ ಕೇಳು. ಕಾಫಿ ಬೋರ್ಡ್ ಬೆಂಗಳೂರಲ್ಲಿ ನಡೆಸುವ ‘ಕಾಪಿ ಶಾಸ್ತ್ರ’ ಅನ್ನುವ ತರಬೇತಿಯನ್ನೂ ಮೆಷಿನ್‌ಗೆ ಮುಂಚೆಯೇ ಮುಗಿಸಿಕೋ.

ಅಂಗಡಿಗಳಿಗೆ ಆತುರಪಡಬೇಡ. ಅವರು ಉದ್ರಿ ಕೇಳುತ್ತಾರೆ, ಮಾರದ್ದನ್ನು ಎರಡು ತಿಂಗಳಾದ ಮೇಲೆ ವಾಪಸ್ ಕೊಡುತ್ತಾರೆ. ಅಷ್ಟು ಹೊತ್ತಿಗೆ ಪರಿಮಳ ಹೋಗಿರುತ್ತದೆ, ಆದರೆ ಪೊಟ್ಟಣದ ಮೇಲೆ ಇರುವುದು ನಿನ್ನ ಹೆಸರು. ಮೊದಲು ತಿಂಗಳ ಲೆಕ್ಕದ ಮನೆಗಳು, ಒಂದೆರಡು ಹೋಂಸ್ಟೇ, ನಗದು ವ್ಯಾಪಾರ. ಹುರಿದ ದಿನಾಂಕ ದಪ್ಪಕ್ಷರದಲ್ಲಿರಲಿ.

ಮೊದಲ ಸಲ ಹತ್ತು ಕೆಜಿ ಹುರಿಸು ಸಾಕು. ಹಾಕಿದ ತೂಕ, ಇಳಿಸಿದ ತೂಕದ ಚೀಟಿಯ ಫೋಟೋ ಕಳಿಸು, ಜೊತೆಗೆ ಎರಡೂ ಬಗೆಯ ನೂರು ನೂರು ಗ್ರಾಂ ಪುಡಿ. ಫಿಲ್ಟರ್ ತೊಳೆದಿಟ್ಟಿರ್ತೀನಿ.

ಇಂತಿ,
ನಿನ್ನ ಗೆಳತಿ