‘ಅಜೀಬ್’ ನಮ್ಮ ಮನೆಮಾತು

ಮಾನ್ಯ ಸಂಪಾದಕರೇ,

‘ವಿಚಿತ್ರ’ ಎನ್ನುವ ಅರ್ಥದ ‘ಅಜೀಬ್’ ಎಂಬ ಪದ ಹಿಂದಿ ಧಾರಾವಾಹಿಗಳಿಂದ ಮಕ್ಕಳ ಬಾಯಿಗೆ ಬಂದಿದೆ, ಅದನ್ನು ಬಿಡಿಸಬೇಕು ಎಂದು ಕಳೆದ ವಾರ ನಿಮ್ಮ ವಾಚಕರ ಅಂಕಣದಲ್ಲಿ ಒಬ್ಬರು ಬರೆದಿದ್ದರು. ನಾನು ರಾಯಚೂರಿನವಳು. ಓದಿ ಸುಮ್ಮನಿರಲು ಆಗಲಿಲ್ಲ.

ನಮ್ಮೂರಿಗೆ ಟೀವಿ ಬರುವ ಎಷ್ಟೋ ಮೊದಲೇ ಈ ಮಾತು ಇತ್ತು. ನಮ್ಮ ತಂದೆ ನಿಜಾಮರ ಕಾಲದಲ್ಲಿ ಉರ್ದು ಮಾಧ್ಯಮದಲ್ಲಿ ಓದಿದವರು. ಆಗ ಕಚೇರಿಯಲ್ಲೂ ಉರ್ದು, ಕೋರ್ಟಿನಲ್ಲೂ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲೂ ಪಾಠ ಉರ್ದುವಿನಲ್ಲೇ. 1948ರ ಸೆಪ್ಟೆಂಬರ್‌ವರೆಗೆ ನಾವು ನಿಜಾಮರ ಕೈಕೆಳಗೆ ಇದ್ದವರು. ಆಗಿನ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಅವ್ವನಿಗೆ ಉರ್ದು ಓದಲು ಬರುತ್ತಿರಲಿಲ್ಲ. ಆದರೂ ಸುಡು ಬಿಸಿಲಲ್ಲೇ ಮಳೆ ಹನಿದರೆ ‘ಅಜೀಬ್ ಐತಿ ನೋಡವ್ವಾ’ ಎನ್ನುತ್ತಿದ್ದಳು. ಮಾವಿನಹಣ್ಣು ಒಲ್ಲೆ ಎನ್ನುತ್ತಿದ್ದ ನನ್ನ ತಮ್ಮ ಅವಳಿಗೆ ‘ಅಜೀಬ್ ಹುಡುಗ’.

ಪದದ ಬೇರು ಅರಬ್ಬಿಯಲ್ಲಿದೆ. ಅಲ್ಲಿ ‘ಅಜಬ್’ ಎಂದರೆ ಬೆರಗು. ಬೆರಗು ಹುಟ್ಟಿಸುವಂಥದ್ದು ‘ಅಜೀಬ್’. ಅರಬ್ಬಿಯಿಂದ ಪಾರ್ಸಿಗೆ, ಪಾರ್ಸಿಯಿಂದ ಉರ್ದುವಿಗೆ, ಅಲ್ಲಿಂದ ನಮ್ಮ ಮನೆಗೆ. ಲಾಹೋರಿನ ಹಳೇ ಮ್ಯೂಸಿಯಂಗೆ ಜನ ‘ಅಜಾಯಬ್ ಘರ್’ ಎನ್ನುತ್ತಾರೆ. ಬೆರಗಿನ ವಸ್ತುಗಳಿರುವ ಮನೆ ಅದು. ಎಷ್ಟು ಚಂದದ ಹೆಸರು! ಬರುಬರುತ್ತಾ ಬೆರಗು ಕಡಿಮೆಯಾಗಿ, ‘ಒಂಥರಾ ಇದೆ’ ಎನ್ನುವ ಅರ್ಥ ಜಾಸ್ತಿಯಾಯಿತು. ‘ವಿಚಿತ್ರ’ದ ಕತೆಯೂ ಹೀಗೇ. ಸಂಸ್ಕೃತದಲ್ಲಿ ಅದಕ್ಕೆ ಬಣ್ಣಬಣ್ಣದ್ದು ಎಂಬ ಅರ್ಥವಿದೆ. ಈಗ ಅದನ್ನು ಯಾರೂ ಬಣ್ಣಕ್ಕೆ ಬಳಸುವುದಿಲ್ಲ.

ಆದರೆ ನಮ್ಮ ಬಾಯಲ್ಲಿ ಇವೆರಡೂ ಒಂದೇ ಅಲ್ಲ. ‘ವಿಚಿತ್ರ ಮನುಷ್ಯ’ ಎಂದರೆ ಆ ವ್ಯಕ್ತಿಯನ್ನು ಸ್ವಲ್ಪ ದೂರ ಇಟ್ಟ ಹಾಗೆ. ‘ಅಜೀಬ್ ಅದೀರಿ ನೀವು’ ಅಂತ ಎದುರಿಗೇ ಹೇಳಬಹುದು. ಕೇಳಿದವರೂ ನಗುತ್ತಾರೆ. ಆ ಸಲಿಗೆಗೆ ಬೇರೆ ಪದ ನನಗೆ ಸಿಕ್ಕಿಲ್ಲ.

ಅರ್ಜಿ, ವಕೀಲ, ತಾರೀಖು ಕೂಡ ಅರಬ್ಬಿ ಮೂಲದವೇ. ಅವನ್ನು ಬಿಡಿಸಿ ಎಂದು ಯಾರೂ ಹೇಳುವುದಿಲ್ಲ, ಅಲ್ವಾ? ಕಚೇರಿಗೆ ಬಂದ ಪದಕ್ಕೆ ಮರ್ಯಾದೆ, ಅಡುಗೆಮನೆಗೆ ಬಂದ ಪದಕ್ಕೆ ಬೈಗುಳ. ಇದು ಸರಿಯಲ್ಲ. ಪರೀಕ್ಷೆಯಲ್ಲಿ ಮಕ್ಕಳು ‘ವಿಚಿತ್ರ’ ಎಂದೇ ಬರೆಯಲಿ, ನನ್ನ ತಕರಾರಿಲ್ಲ. ಆಡುವ ಮಾತನ್ನೂ ತಿದ್ದಲು ಹೋದರೆ ಮಗು ತನ್ನ ಅಜ್ಜಿಗೆ ಕನ್ನಡವೇ ಬರುವುದಿಲ್ಲ ಅಂದುಕೊಳ್ಳುತ್ತದೆ. ನನ್ನ ಮೊಮ್ಮಗಳು ಈಗಾಗಲೇ ನನ್ನನ್ನು ತಿದ್ದುತ್ತಿದ್ದಾಳೆ. ಅದು ನನಗೆ ನೋವಿನ ವಿಷಯ.

ನಿಮ್ಮಲ್ಲಿ ಒಂದು ಕೋರಿಕೆ. ವಾರಕ್ಕೊಮ್ಮೆ ಇಂಥ ಊರಮಾತುಗಳಿಗೆ ಒಂದಿಷ್ಟು ಜಾಗ ಕೊಡಿ. ಲಿಂಗಸುಗೂರಿನವರು, ಗಂಗಾವತಿಯವರು ತಮ್ಮ ಮಾತುಗಳನ್ನು, ಅವನ್ನು ಯಾವ ಹೊತ್ತಿನಲ್ಲಿ ಆಡುತ್ತಾರೆ ಎಂಬುದನ್ನು ಕಳಿಸಲಿ. ಬಳ್ಳಾರಿಯವರೂ ಬರೆಯಬೇಕು. ಅವರು ಮದ್ರಾಸ್ ಪ್ರಾಂತ್ಯದಲ್ಲಿದ್ದವರು. ‘ಅಜೀಬ್’ ಎನ್ನುವ ಕಡೆ ಅವರ ಅಜ್ಜಿಯರು ಏನನ್ನುತ್ತಿದ್ದರು ಎಂದು ತಿಳಿಯುವ ಆಸೆ ನನಗಿದೆ.

– ನಿವೃತ್ತ ಶಿಕ್ಷಕಿ, ರಾಯಚೂರು