ಹೊಸ ಉಪಾಯದ ಟ್ರಯಲ್ ಶಿಫ್ಟಿನೊಳಗೇ ನಡೆಯಲಿ: ಕಾರ್ಮಿಕ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರಿಗೆ, ನಮಸ್ಕಾರಗಳು.

ಪೀಣ್ಯ, ಬೊಮ್ಮನಹಳ್ಳಿ, ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್‌ಗಳಲ್ಲಿ ಮಿಷನ್ ಮುಂದೆ ಕೂರುವ ತಾಯಂದಿರು ಬರೀ ಹೊಲಿಯುವವರಲ್ಲ. ಹೊಲಿಗೆ ವಾರೆಯಾಗದಂತೆ ಸೂಜಿಯ ಪಕ್ಕ ಮ್ಯಾಗ್ನೆಟ್ ಗೈಡ್ ಎಲ್ಲಿ ಕೂರಿಸಬೇಕು, ಅಂಚು ಮಡಚುವ ಫೋಲ್ಡರಿನ ಬಾಯಿ ಎಷ್ಟಗಲ ಬೇಕು, ಕತ್ತರಿಸಿದ ಬಟ್ಟೆಯ ಬಂಡಲ್ ಯಾವ ಕಡೆ ಇಟ್ಟರೆ ಕೈಗೆ ಬೇಗ ಸಿಗುತ್ತದೆ ಎಂಬುದೆಲ್ಲ ಮೊದಲು ಹೊಳೆಯುವುದು ಅವರಿಗೇ. ಹೊಳೆದದ್ದನ್ನು ಮಾಡಿ ನೋಡಲು ಪುರುಸೊತ್ತಿಲ್ಲ.

50 ಅಥವಾ ಹೆಚ್ಚು ಜನರಿರುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಬರಬಹುದು ಎಂದು ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಹೇಳಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದೇ ಇದೆ. ಲೈನಿನಲ್ಲಿ, ಅಂದರೆ ಒಬ್ಬರು ಹೊಲಿದ ಪೀಸ್ ಮುಂದಿನವರಿಗೆ ಹೋಗುವ ಮಿಷನ್‌ಗಳ ಸಾಲಿನಲ್ಲಿ, ಏನಾಗುತ್ತದೆ ನೋಡಿ: ಟಾರ್ಗೆಟ್ ಗಂಟೆಗೆ 60 ಪೀಸ್ ಎಂದಿಟ್ಟುಕೊಳ್ಳಿ. ಹಾಲುಣಿಸಿ ಬರಲು 20 ನಿಮಿಷ ಹಿಡಿದರೆ ಅವಳ ಮಿಷನ್ ಮುಂದೆ 20 ಪೀಸ್ ರಾಶಿ ಬೀಳುತ್ತದೆ, ಮುಂದಿನವಳು ಖಾಲಿ ಕೂರುತ್ತಾಳೆ. ಸೂಪರ್‌ವೈಸರ್ ಕೂಗಾಡುತ್ತಾರೆ. ಎರಡು ದಿನ ಹೀಗಾದರೆ ಮೂರನೆಯ ದಿನ ಆಕೆ ಏಳುವುದೇ ಇಲ್ಲ. ಕೇಂದ್ರ ಅರ್ಧ ಕಿಲೋಮೀಟರ್ ದೂರವಿದ್ದರಂತೂ ನಡೆಯುವುದರಲ್ಲೇ ಹೊತ್ತು ಮುಗಿಯುತ್ತದೆ.

ಸಲಹೆಗಳ ಪಾಡೂ ಇದೇ. ಸಲಹೆ ಕೇಳುವ ಮೀಟಿಂಗ್ ಇಡುವುದು ಶಿಫ್ಟ್ ಮುಗಿದ ಮೇಲೆ. ಅಷ್ಟರಲ್ಲಿ ಕೇಂದ್ರದ ಬಾಗಿಲು ಹಾಕಿರುತ್ತದೆ, ಕಂಪನಿ ಬಸ್ಸೂ ಹೊರಡುತ್ತದೆ. ಮಗು ಇರುವವಳು ಎದ್ದು ಹೋಗಲೇಬೇಕು. ಅವಳ ಉಪಾಯ ಬೇರೆ ಯಾರದೋ ಬಾಯಲ್ಲಿ ಹೊರಬರುತ್ತದೆ. ಕೆಲಸ ಬೇಗ ಆಗುತ್ತದೆ ಎಂದು ಗೊತ್ತಾದ ಕೂಡಲೇ ಟಾರ್ಗೆಟ್ ಏರುತ್ತದೆ, ಸಂಬಳ ಇದ್ದಲ್ಲೇ ಇರುತ್ತದೆ. ಹೀಗಿರುವಾಗ ಯಾರು ತಾನೇ ಬಾಯಿ ಬಿಡುತ್ತಾರೆ?

ಟ್ರಯಲ್ ದೊಡ್ಡ ಕೆಲಸವೇನಲ್ಲ. ಕಟಿಂಗ್ ವಿಭಾಗದ ರಿಜೆಕ್ಟ್ ಬಟ್ಟೆಯಲ್ಲಿ 10–15 ಪೀಸ್, ಜೊತೆಗೊಬ್ಬ ಮೆಕ್ಯಾನಿಕ್, ಒಂದು ಗಂಟೆ. ತೆಳು ಪಾಪ್ಲಿನ್‌ಗೆ ಹೊಂದಿಸಿದ ಫೋಲ್ಡರ್ ದಪ್ಪ ಟ್ವಿಲ್‌ಗೆ ಸಿಕ್ಕಿಹಾಕಿಕೊಳ್ಳುತ್ತದೆ. ಮ್ಯಾಗ್ನೆಟ್ ಗೈಡ್ ಸಡಿಲವಾದರೆ ಜರುಗಿ ಸೂಜಿಗೇ ತಾಗುತ್ತದೆ. ಇಂಥವು ಹೊಲಿದು, ಇಸ್ತ್ರಿ ಹಾಕಿ ನೋಡಿದಾಗಲೇ ತಿಳಿಯುವುದು. ಲೈನಿಗೆ ಹೊಸ ಸ್ಟೈಲ್ (ಹೊಸ ಮಾದರಿಯ ಉಡುಪು) ಹಾಕುವ ದಿನ ಇದಕ್ಕೆ ಸರಿಯಾದ ಹೊತ್ತು. ಅವತ್ತು ಹೇಗೂ ಲೈನ್ ಪೂರ್ತಿ ವೇಗಕ್ಕೆ ಬಂದಿರುವುದಿಲ್ಲ.

ಆದ್ದರಿಂದ ತಾವು ಇಲಾಖೆಯಿಂದ ಒಂದು ಸುತ್ತೋಲೆ ಹೊರಡಿಸಬೇಕು. ಪ್ರತಿ ಲೈನಿಗೂ ಎಲ್ಲ ಮಿಷನ್ ಬಲ್ಲ ಒಬ್ಬ ರಿಲೀಫ್ ಟೈಲರ್ ಇರಲಿ. ತಾಯಿ ಎದ್ದಾಗ ಆ ಜಾಗಕ್ಕೆ ಅವರು ಕೂರಲಿ. ಹಾಲುಣಿಸುವ ಮತ್ತು ಟ್ರಯಲ್ ಮಾಡುವ ನಿಮಿಷಗಳನ್ನು ಆಕೆಯ ಟಾರ್ಗೆಟ್‌ನಿಂದ ಕಳೆಯಲಿ. ಸಲಹೆ ಕೊಟ್ಟವಳ ಹೆಸರು, ತಾರೀಖು ರಿಜಿಸ್ಟರಿನಲ್ಲಿ ದಾಖಲಾಗಲಿ, ಉಳಿತಾಯದಲ್ಲಿ ಪಾಲು ಸಿಗಲಿ. ಇದಕ್ಕೆ ಹೊಸ ಸಮಿತಿ ಬೇಡ. 100 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಆಡಳಿತ ಮತ್ತು ಕಾರ್ಮಿಕರ ಪ್ರತಿನಿಧಿಗಳು ಸೇರಿದ ವರ್ಕ್ಸ್ ಕಮಿಟಿಗೆ ಕಾನೂನಿನಲ್ಲೇ ಜಾಗವಿದೆ. ಅದರ ಸಭೆ ಶಿಫ್ಟಿನೊಳಗೇ ನಡೆಯಲಿ.

ತಪಾಸಣೆಗೆ ಬರುವ ಅಧಿಕಾರಿಗಳು ತೊಟ್ಟಿಲು, ಆಟಿಕೆ ನೋಡಿ ಹೋದರೆ ಸಾಲದು. ಕೇಂದ್ರದಲ್ಲಿ ತಾಯಂದಿರು ಬಂದುಹೋದ ಹೊತ್ತಿನ ಪುಸ್ತಕ ಕೇಳಲಿ. ಅದು ಖಾಲಿ ಇದ್ದರೆ, ತಾಯಂದಿರು ಯಾಕೆ ಏಳಲಾಗಲಿಲ್ಲ ಎಂದು ತಿಳಿಯಲು ಅವರ ಲೈನಿನ ಗಂಟೆವಾರು ಪ್ರೊಡಕ್ಷನ್ ಹಾಳೆಯನ್ನು ತರಿಸಿಕೊಳ್ಳಲಿ.

ಇಂತಿ,
ಗಾರ್ಮೆಂಟ್ಸ್ ಲೈನುಗಳನ್ನು ಬಲ್ಲವರು