ಕೊನೆಯ ಮಾತ್ರೆಯ ದಿನ ಕೆಲವರಿಗೆ ನಮಸ್ಕಾರ

ನಮ್ಮ ವಾರ್ಡಿನ ಅನ್ನನಾಳದ ಜಿಸ್ಟ್ (ಜೀರ್ಣಾಂಗದ ಗೋಡೆಯಲ್ಲಿ ಹುಟ್ಟುವ ಒಂದು ಬಗೆಯ ಕ್ಯಾನ್ಸರ್ ಗಡ್ಡೆ) ರೋಗಿಯೊಬ್ಬರ ಮೂರು ವರ್ಷದ ಇಮ್ಯಾಟಿನಿಬ್ ಮಾತ್ರೆ ಈ ವಾರ ಮುಗಿಯಿತು. ಜಿಸ್ಟ್‌ಗಳಲ್ಲಿ ಅನ್ನನಾಳದಲ್ಲಿ ಹುಟ್ಟುವವು ಶೇ. 1ರಷ್ಟೂ ಇಲ್ಲ.

ಮೊದಲ ನಮಸ್ಕಾರ ಎಂಡೋಸ್ಕೋಪಿಯವರಿಗೆ. ಮಾಮೂಲಿ ಬಯಾಪ್ಸಿ ಚಿಮಟ ಮೇಲಿನ ಲೋಳೆಪೊರೆಯನ್ನಷ್ಟೇ ಕಚ್ಚುತ್ತದೆ. ಗಡ್ಡೆ ಇರುವುದು ಅದರಡಿಯ ಸ್ನಾಯುಪದರದಲ್ಲಿ. ವರದಿ 'ನಾರ್ಮಲ್' ಅಂತ ಬಂದಾಗ ಅದನ್ನು ನಂಬದೆ, ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್‌ನಲ್ಲಿ ನೋಡಿಕೊಂಡೇ ಸೂಜಿ ಹಾಕಿದರು.

ಪೆಥಾಲಜಿಯವರ ಋಣ ಇನ್ನೂ ದೊಡ್ಡದು. ಈ ಜಾಗದ ಗಡ್ಡೆ ಸಾಮಾನ್ಯವಾಗಿ ಅಪಾಯವಿಲ್ಲದ ಲಿಯೋಮಯೋಮ, ಅಂದರೆ ಸ್ನಾಯುವಿನ ಗಂಟು. ಸೂಕ್ಷ್ಮದರ್ಶಕದಲ್ಲಿ ಎರಡರ ಕೋಶಗಳೂ ಕದಿರಿನ ಹಾಗೇ ಉದ್ದುದ್ದ. ಜಿಸ್ಟ್‌ನ ಗುರುತಾದ ಸಿಡಿ117, ಡಾಗ್1 ಪ್ರೋಟೀನ್‌ಗಳು ಬಣ್ಣ ಹಿಡಿದು, ಸ್ನಾಯುಕೋಶದ ಗುರುತಾದ ಡೆಸ್ಮಿನ್ ಹಿಡಿಯದಿದ್ದಾಗ ಜಿಸ್ಟ್ ಎಂದು ಗೊತ್ತಾಯಿತು. ಉಳಿದ ಚೂರನ್ನು ಜೀನ್ ಪರೀಕ್ಷೆಗೆ ಕಾಪಾಡಿಟ್ಟರಲ್ಲ, ಅದಕ್ಕೆ ವಿಶೇಷ ಥ್ಯಾಂಕ್ಸ್. ಕಿಟ್ ಜೀನ್‌ನ ಎಕ್ಸಾನ್ 11 ಎಂಬ ಭಾಗದಲ್ಲಿ ದೋಷವಿದ್ದರೆ ದಿನಕ್ಕೆ 400 ಮಿ.ಗ್ರಾಂ. ಸಾಕು, ಪಿಡಿಜಿಎಫ್‌ಆರ್‌ಎ ಎಂಬ ಇನ್ನೊಂದು ಜೀನ್‌ನಲ್ಲಿ ಡಿ842ವಿ ಎಂಬ ದೋಷ ಇದ್ದರೆ ಈ ಮಾತ್ರೆ ಕೆಲಸವನ್ನೇ ಮಾಡುವುದಿಲ್ಲ.

ಆಪರೇಷನ್‌ಗೆ ಮುಂಚೆಯೇ ಮಾತ್ರೆ ಶುರುವಾಗಿತ್ತು, ಆಗಿನ ಸಿಟಿಯಲ್ಲಿ ಗಡ್ಡೆ ಹೆಚ್ಚು ಕುಗ್ಗಿರಲಿಲ್ಲ. ಔಷಧಿ ಬದಲಿಸಿ ಎನ್ನುವ ಅವಸರ ಸಹಜ. ರೇಡಿಯಾಲಜಿಯವರು ಅಳತೆ ಬಿಟ್ಟು ಸಾಂದ್ರತೆ ನೋಡಿದರು: ಅದು ಶೇ. 15ರಷ್ಟು ಇಳಿದರೂ ಔಷಧಿ ಹಿಡಿದಿದೆ ಎಂದೇ ಅರ್ಥ.

ಸರ್ಜನ್‌ಗಳು ಗಡ್ಡೆಯ ಹೊದಿಕೆ ಹರಿಯದಂತೆ ತೆಗೆದರು. ಒಡೆದರೆ ಕೋಶಗಳು ಎದೆಯೊಳಗೆ ಚೆಲ್ಲಿ ಕಾಯಿಲೆ ಮರುಕಳಿಸುವ ಭಯ.

ಸಿಸ್ಟರ್‌ಗಳೇ, ಕರುಳಿಗೆ ಹಾಕಿದ ಆಹಾರದ ಟ್ಯೂಬ್ ಒಮ್ಮೆಯೂ ಕಟ್ಟಲಿಲ್ಲ ನೋಡಿ! ಪ್ರತಿ ಸಲ ಮೊದಲು 30, ಆಮೇಲೆ 30 ಮಿ.ಲೀ. ನೀರು, ಸೋಸದ ರಾಗಿ ಗಂಜಿಗೆ ಪ್ರವೇಶವಿಲ್ಲ. ನುಂಗಲಾಗದ ದಿನಗಳಲ್ಲಿ 400ರ ಮಾತ್ರೆಯನ್ನು 200 ಮಿ.ಲೀ. ನೀರಿನಲ್ಲಿ ಕದಡಿ, ಕರಗಿದ ಕೂಡಲೇ ಊಟದ ಜೊತೆ ಕುಡಿಸಲು ಕಲಿಸಿದ್ದು ಫಾರ್ಮಸಿಯವರು. ಬೆಳಗಾದರೆ ಊದುವ ಕಣ್ಣು ಔಷಧಿಯ ಅಡ್ಡಪರಿಣಾಮ, ಕಿಡ್ನಿಯದಲ್ಲ ಎಂದು ಪರೀಕ್ಷೆ ಮಾಡಿಸಿ ಮನೆಯವರಿಗೆ ಧೈರ್ಯ ಹೇಳಿದವರೂ ಅವರೇ.

ದೂರದವರಿಗೂ ಒಂದು ನಮಸ್ಕಾರ: 1998ರಲ್ಲಿ ಕಿಟ್ ದೋಷವನ್ನು ತೋರಿಸಿದ ಜಪಾನಿನ ಹಿರೋಟಾ ತಂಡಕ್ಕೆ, 2000ದಲ್ಲಿ ಈ ಕಾಯಿಲೆಗೆ ಮೊದಲು ಇಮ್ಯಾಟಿನಿಬ್ ನುಂಗಿದ ಫಿನ್ಲೆಂಡಿನ ಆ ಮಹಿಳೆಗೆ.

ಮಾತ್ರೆ ನಿಲ್ಲಿಸಿದ ಮೊದಲ ಎರಡು ವರ್ಷಗಳಲ್ಲೇ ಕಾಯಿಲೆ ಮರಳುವ ಸಂಭವ ಹೆಚ್ಚು. ಮುಂದಿನ ಸಿಟಿ ಮೂರು ತಿಂಗಳಿಗೆ. ರೇಡಿಯಾಲಜಿಯವರೇ, ಮತ್ತೆ ಬರುತ್ತೇವೆ.